ರಕ್ತದಲ್ಲಿ ಇಲ್ಲದ ಮದ್ದು

ನನ್ನ ಬಲಗೈ ಫ್ರೀಜರಿನ ಒಳಗಿತ್ತು.

ಮನೆಯಲ್ಲಿ ಮೀನು ಇಡುವ ಫ್ರೀಜರ್ ಅಲ್ಲ... ಮೈನಸ್ ಎಂಬತ್ತು ಡಿಗ್ರಿ! ರೋಗಿಗಳ ರಕ್ತವನ್ನು ವರ್ಷಗಟ್ಟಲೆ ಕೆಡದಂತೆ ಇಡುವ ಯಂತ್ರ.

ಶೋಧನ್ ನನ್ನ ಬೆರಳುಗಳನ್ನು ಒಳಗಿನ ಉಕ್ಕಿನ ತಟ್ಟೆಗೆ ಒತ್ತಿ ಹಿಡಿದಿದ್ದ. ಅವನು ದಪ್ಪನೆಯ ನೀಲಿ ಗ್ಲೌಸ್ ಹಾಕಿಕೊಂಡಿದ್ದ. ನಾನು ಹಾಕಿಕೊಂಡಿರಲಿಲ್ಲ.

"ಅನಿಷಾ ನಿನಗೆ ಎಂತ ಹೇಳಿದ್ಲು?" ರಂಜಿತ್ ಕೇಳಿದ. ಈ ಸೆಂಟರಿನ ಮ್ಯಾನೇಜರ್ ಅವನು; ಶೋಧನ್ ಅವನ ಡ್ರೈವರ್. ಇಸ್ತ್ರಿ ಕೆಡದ ಶರ್ಟು, ಏರದ ಧ್ವನಿ.

"ಗುಡ್ ಮಾರ್ನಿಂಗ್ ಹೇಳಿದ್ಲು."

"ತಮಾಷೆ ಬೇಡ ಅಣ್ಣು."

"ತಮಾಷೆ ಅಲ್ಲ ಮಾರಾಯ. ಒಳ್ಳೆ ಹುಡುಗಿ. ದಿನಾ ಹೇಳ್ತಾಳೆ."

ಶೋಧನ್ ಇನ್ನಷ್ಟು ಒತ್ತಿದ.

ಮೊದಲು ಬೆಂಕಿ ತಗಲಿದಂತಾಯಿತು. ಆಮೇಲೆ ಸೂಜಿಗಳು. ಆಮೇಲೆ... ಏನೂ ಇಲ್ಲ. ಕೈ ಕಣ್ಣೆದುರೇ ಇತ್ತು. ಬೇರೆ ಯಾರೋ ಅಲ್ಲಿ ಮರೆತುಹೋದ ಕೈಯ ಹಾಗೆ.

"ನಫೀಸಮ್ಮನ ಮಾತ್ರೆ ಯಾರು ತಿಂತಾ ಇದ್ದಾರೆ?"

"ಗೊತ್ತಿಲ್ಲ."

ನಿಜವಾಗಿಯೂ ಗೊತ್ತಿರಲಿಲ್ಲ. ಸುಳ್ಳು ಹೇಳಿದ್ದರೆ ಬಹುಶಃ ನಂಬುತ್ತಿದ್ದ.

ಅಷ್ಟರಲ್ಲಿ ಅಲಾರಂ! ಬಾಗಿಲು ತೆರೆದೇ ಇಟ್ಟದ್ದಕ್ಕೆ ಫ್ರೀಜರ್ ಬೊಬ್ಬೆ ಹೊಡೆಯತೊಡಗಿತು. ಬಾಗಿಲ ಮೇಲಿನ ಅಂಕಿ ಕೆಂಪಾಗಿ ಮಿನುಗಿತು.

ರಂಜಿತ್‌ನ ಮುಖ ಬಿಳಚಿತು. "ಬಾಗಿಲು ಹಾಕು. ಸ್ಯಾಂಪಲ್ ಹಾಳಾಗ್ತದೆ."

ಶೋಧನ್ ನನ್ನ ಕೈ ಎಳೆದು ಹೊರಗೆ ಹಾಕಿದ. ಕಿರುಬೆರಳಿನ ಚರ್ಮದ ಚೂರು ತಟ್ಟೆಯಲ್ಲೇ ಉಳಿಯಿತು. ಅದೂ ಒಂದು ಸ್ಯಾಂಪಲ್... ಲೇಬಲ್ ಇಲ್ಲದ್ದು.

"ಈ ವಿಷಯ ಬಿಟ್ಟುಬಿಡು," ಎಂದ ರಂಜಿತ್. "ಮುಂದಿನ ಟ್ರಯಲ್‌ನ ಕೆಲಸವೂ ನಿನಗೇ. ಮನೆಗೆ ಹೋಗು."

ಅಷ್ಟು ಸುಲಭವಾಗಿ ಬಿಟ್ಟ. ಅಲ್ಲೇ ನನಗೆ ಸಂಶಯ ಬರಬೇಕಿತ್ತು.

ಬರಲಿಲ್ಲ.

ನಾನು ಯಾರೆಂದು ಹೇಳಿಬಿಡುತ್ತೇನೆ. ಅಣ್ಣು ರೈ. ಮಂಗಳೂರಿನ ಒಂದು ಸಂಜೆ ಪತ್ರಿಕೆಯಲ್ಲಿ ಕ್ರೈಂ ವರದಿಗಾರನಾಗಿದ್ದೆ. ಪತ್ರಿಕೆ ಮುಚ್ಚಿತು. ಜನರನ್ನು ಹುಡುಕುವುದು ಬಿಟ್ಟರೆ ಬೇರೆ ವಿದ್ಯೆ ನನಗೆ ಗೊತ್ತಿಲ್ಲ.

ಹೊಸ ಮದ್ದನ್ನು ಮಾರಾಟಕ್ಕೆ ಬಿಡುವ ಮೊದಲು ಜನರ ಮೇಲೆ ಪರೀಕ್ಷೆ ಮಾಡುತ್ತಾರೆ. ಒಪ್ಪಿ ಸೇರಿದವರು ಆಗಾಗ ಬಂದು ರಕ್ತ ಕೊಡಬೇಕು. ಕೆಲವರು ಬರುವುದಿಲ್ಲ. ತವರಿಗೆ ಹೋಗಿರುತ್ತಾರೆ, ಸೂಜಿಗೆ ಹೆದರಿರುತ್ತಾರೆ, ಮರೆತಿರುತ್ತಾರೆ. ಅಂಥವರನ್ನು ಹುಡುಕಿ ಮೂಡುಬಿದಿರೆಯ ಈ ಸೆಂಟರಿಗೆ ತರುವುದು ನನ್ನ ಕೆಲಸ. ಸೆಂಟರಿನ ಹೆಸರು ಬೇಡ. ಕೇಸು ಇನ್ನೂ ಕೋರ್ಟಿನಲ್ಲಿದೆ.

ಈ ಟ್ರಯಲ್ ಸಂಧಿವಾತದ್ದು. ಬೆರಳ ಗಂಟುಗಳು ಬಾತು ಸೊಟ್ಟಗಾಗುವ ಕಾಯಿಲೆ. ಸೇರಿದವರಲ್ಲಿ ಬೀಡಿ ಕಟ್ಟುವ ಹೆಂಗಸರೇ ಹೆಚ್ಚು. ಪಾಣೆಮಂಗಳೂರಿನ ನಫೀಸಮ್ಮ ಅವರಲ್ಲಿ ಒಬ್ಬರು.

ಆ ಬೆಳಿಗ್ಗೆ ಲ್ಯಾಬಿನ ಅನಿಷಾ ನನ್ನನ್ನು ಪಕ್ಕಕ್ಕೆ ಕರೆದಿದ್ದಳು.

"ರೈಗಳೇ, ನಫೀಸಮ್ಮ ತರುವ ಸ್ಟ್ರಿಪ್ ಪ್ರತಿ ಸಲ ಖಾಲಿ. ಆದ್ರೆ ಅವರ ರಕ್ತದಲ್ಲಿ ಈಗ ಮದ್ದೇ ಇಲ್ಲ."

"ಡಮ್ಮಿ ಮಾತ್ರೆ ಇರಬಹುದು."

"ಈ ಟ್ರಯಲ್‌ನಲ್ಲಿ ಡಮ್ಮಿ ಇಲ್ಲ. ಎಲ್ಲರಿಗೂ ಅಸಲಿ."

"ಹಾಗಾದ್ರೆ ಬಾವಿಗೆ ಹಾಕ್ತಾರೆ."

"ಬಾವಿಗೆ ಹಾಕಿದ್ರೆ ಒಳ್ಳೇದೇ. ಬೇರೆ ಯಾರಾದ್ರೂ ತಿಂತಾ ಇದ್ರೆ?" ಅವಳು ಧ್ವನಿ ತಗ್ಗಿಸಿದಳು. "ಬೇರೆ ರಾಜ್ಯದ ಸೆಂಟರಿನಲ್ಲಿ ಇಬ್ಬರಿಗೆ ಬಿಳಿ ರಕ್ತಕಣ ಇಳಿದುಹೋಗಿದೆ. ಒಬ್ಬರು ತೀರಿಕೊಂಡ್ರು. ನಮ್ಮವರ ರಕ್ತ ನಾವು ನೋಡ್ತಾ ಇರ್ತೇವೆ, ಇಳಿದ್ರೆ ಮಾತ್ರೆ ನಿಲ್ಲಿಸ್ತೇವೆ. ಲೆಕ್ಕದಲ್ಲೇ ಇಲ್ಲದವರ ರಕ್ತ ಯಾರು ನೋಡ್ತಾರೆ?"

"ಇಳಿದ್ರೆ ಎಂತಾಗ್ತದೆ?"

"ಜ್ವರ. ಗಂಟಲು ನೋವು. ಬಾಯಿ ತುಂಬ ಹುಣ್ಣು. ಊರಲ್ಲಿ ಡೆಂಗ್ಯೂ ಅಂತ ಹೇಳ್ತಾರೆ, ಜ್ವರದ ಮಾತ್ರೆ ಕೊಟ್ಟು ಮಲಗಿಸ್ತಾರೆ. ಅವರು ಏಳುವುದಿಲ್ಲ."

ಅವಳ ಬೆನ್ನ ಹಿಂದೆ ಗಾಜಿನ ಬಾಗಿಲಿನಲ್ಲಿ ರಂಜಿತ್ ನಿಂತಿದ್ದ. ಆಮೇಲೆ ಫ್ರೀಜರ್.

ಅವನ ಲೆಕ್ಕಾಚಾರ ನನಗೆ ಅರ್ಥವಾಗಿತ್ತು. ಟ್ರಯಲ್‌ನ ಮಾತ್ರೆ ಹೊರಗಿನವರ ಹೊಟ್ಟೆ ಸೇರಿ ಸಾವಾದರೆ ಸೆಂಟರಿಗೆ ಬೀಗ. ಹೊರಗಿನವರು ಯಾರೋ ಜ್ವರದಿಂದ ಸತ್ತರೆ... ಏನೂ ಇಲ್ಲ. ದಿನಾ ಯಾರಾದರೂ ಸಾಯುತ್ತಾರೆ.

ಸಿದ್ದಕಟ್ಟೆ ದಾರಿಯಲ್ಲಿ ಬಂಟ್ವಾಳಕ್ಕೆ ಬೈಕು ಬಿಟ್ಟೆ.

ಆಕ್ಸಿಲರೇಟರ್ ಬಲಗೈಯಲ್ಲಿ. ಮುಂದಿನ ಬ್ರೇಕೂ ಬಲಗೈಯಲ್ಲಿ. ಆ ಕೈಗೆ ಎರಡೂ ಗೊತ್ತಾಗುತ್ತಿರಲಿಲ್ಲ! ತಿರುವಿನಲ್ಲಿ ಬೆರಳು ಬ್ರೇಕಿನ ಮೇಲಿದೆಯೇ ಎಂದು ಕಣ್ಣಿನಿಂದ ನೋಡಿ ಖಚಿತ ಮಾಡಿಕೊಳ್ಳಬೇಕಿತ್ತು. ಒಂದು ಸಲ ಬೆರಳು ನೋಡುತ್ತಾ ಎದುರಿನ ಲಾರಿಯನ್ನು ನೋಡಲಿಲ್ಲ. ಲಾರಿಯವನು ನನ್ನ ಅಪ್ಪನನ್ನು ನೆನೆದ. ನನಗೆ ಭಯವೂ ಆಗಲಿಲ್ಲ. ಭಯ ಕೂಡ ಕೈಯ ಹಾಗೆ... ಎಲ್ಲೋ ಇತ್ತು, ತಲುಪಲಿಲ್ಲ.

ಪಾಣೆಮಂಗಳೂರು ಮುಟ್ಟುವಾಗ ಮೂರು ಬೆರಳು ಜೀವ ಬಂದು ಉರಿಯತೊಡಗಿದ್ದವು. ಉಂಗುರ ಬೆರಳು, ಕಿರುಬೆರಳು ಮೇಣದ ಹಾಗೆ ಬಿಳಿ. ಅವುಗಳಿಂದ ಸುದ್ದಿಯೇ ಇಲ್ಲ.

ಬೈಕನ್ನು ಹಿಂದಿನ ಓಣಿಯಲ್ಲಿ ನಿಲ್ಲಿಸಿ ಒಳಗೆ ಹೋದೆ. ಜಗಲಿಯಲ್ಲಿ ಸೊಸೆ ಹಫ್ಸ ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ನಫೀಸಮ್ಮ ಗೋಡೆಗೆ ಒರಗಿ ಸುಮ್ಮನೆ ಕೂತಿದ್ದರು.

"ಎಂತ ಮೋನೇ, ಕೈಗೆ ಎಂತಾಯ್ತು?" ಎಂದರು. ಬ್ಯಾರಿ ಭಾಷೆಯಲ್ಲಿ ಮೋನೇ ಎಂದರೆ ಮಗನೇ.

"ಫ್ರಿಜ್ಜಿಗೆ ಸಿಕ್ಕಿತು."

"ಫ್ರಿಜ್ಜು ಕಚ್ತದಾ?"

"ಮೂಡುಬಿದಿರೆಯದ್ದು ಕಚ್ತದೆ. ನಫೀಸಮ್ಮ, ಮಾತ್ರೆ ತಿಂತಾ ಇದ್ದೀರಾ?"

"ತಿನ್ನದೆ ಮತ್ತೆ? ಸ್ಟ್ರಿಪ್ ಖಾಲಿ ಉಂಟಲ್ಲ."

ಪಕ್ಕದಲ್ಲಿದ್ದ ಚೊಂಬಿನಿಂದ ಲೋಟಕ್ಕೆ ನೀರು ಬಗ್ಗಿಸಿ ಅವರ ಮುಂದಿಟ್ಟೆ.

"ಕುಡೀರಿ ನೋಡುವ."

ಅವರು ಎರಡೂ ಅಂಗೈಗಳ ನಡುವೆ ಲೋಟ ಸಿಕ್ಕಿಸಿ ಎತ್ತಿದರು. ಬೆರಳುಗಳು ಮಡಚಲೇ ಇಲ್ಲ. ಅರ್ಧ ನೀರು ಎದೆಯ ಮೇಲೆ ಬಿತ್ತು.

"ಆ ಮಾತ್ರೆ ತಿನ್ನುವವರು ಒಂದು ಕೈಯಲ್ಲಿ ಎತ್ತಿ ಕುಡೀತಾರೆ," ಎಂದೆ.

ಹಫ್ಸ ದಾರ ಕಡಿದು ತಲೆ ಎತ್ತಿದಳು. "ಹೇಳಿಬಿಡಿ ಮಾಮಿ. ಎಷ್ಟು ದಿನ ಅಂತ ಅಡಗಿಸ್ತೀರಿ?"

ನಫೀಸಮ್ಮ ಒದ್ದೆಯಾದ ಬಟ್ಟೆ ಒರೆಸಿಕೊಂಡರು.

"ಶಶಿಪ್ರಭಾ ಅಂತ. ಮೊದಲು ಇಲ್ಲೇ ಇದ್ದದ್ದು, ಬಂಟರವಳು, ನಿಮ್ಮವಳೇ. ಮದುವೆಗೆ ಮೊದಲಿನಿಂದ ನಾವಿಬ್ಬರೂ ಬೀಡಿ ಕಂಪೆನಿಯ ಒಂದೇ ಬ್ರಾಂಚಿಗೆ ಬೀಡಿ ಹಾಕಿದವರು. ಟ್ರಯಲ್‌ಗೂ ಒಟ್ಟಿಗೇ ಹೋದೆವು. ನನ್ನನ್ನು ತಗೊಂಡ್ರು. ಅವಳ ರಕ್ತ ನೋಡಿ, ಬಿಳಿ ಕಣ ಸಾಲದು, ನೀನು ಬೇಡ ಅಂದ್ರು. ನೀನೇ ಹೇಳು... ಸಾಲದವಳಿಗಲ್ವಾ ಮದ್ದು ಕೊಡಬೇಕಾದ್ದು?"



ಯಾರನ್ನು ಈ ಮಾತ್ರೆಯಿಂದ ದೂರ ಇಡಬೇಕೆಂದು ಆ ನಿಯಮ ಮಾಡಿದ್ದರೋ, ಅವಳೇ ಅದನ್ನು ತಿನ್ನುತ್ತಿದ್ದಳು!

"ಸುಮ್ಮನೆ ಕಳಿಸ್ಲಿಲ್ಲ ಮೋನೇ," ನಫೀಸಮ್ಮ ಮುಂದುವರಿಸಿದರು. "ಮೊದಲು ನಾನೇ ತಿಂದು ನೋಡಿದೆ. ಕೈ ಬಿಡಿಸಿತು. ಒಳ್ಳೆ ಮದ್ದು ಅಂತ ಗೊತ್ತಾದ ಮೇಲೆ ಅವಳಿಗೆ ಕಳಿಸ್ಲಿಕ್ಕೆ ಸುರು ಮಾಡಿದ್ದು. ನನಗೆ ಅನ್ನ ಕಲಸಿ ಕೊಡ್ಲಿಕ್ಕೆ ಇವಳಿದ್ದಾಳೆ. ಅವಳಿಗೆ ಯಾರಿದ್ದಾರೆ? ನೆರಿಯದಲ್ಲಿ ತಮ್ಮನ ಮನೆ ಕಾಯ್ಕೊಂಡು ಒಬ್ಬಳೇ. ತಮ್ಮ ದುಬೈಯಲ್ಲಿ."

"ಈಗ ಹೇಗಿದ್ದಾಳೆ?"

"ನಿನ್ನೆ ಅಂಗಡಿಯ ಫೋನಿನಿಂದ ಮಾತಾಡಿದ್ಲು. ಜ್ವರ ಅಂತೆ. ಗಂಟಲು ನುಂಗ್ಲಿಕ್ಕೆ ಆಗುವುದಿಲ್ಲ ಅಂತೆ."

ನನ್ನ ಕೈ ಉರಿಯುವುದನ್ನು ನಿಲ್ಲಿಸಿದಂತಾಯಿತು.

"ನೀವು ಎಂತ ಹೇಳಿದ್ರಿ?"

"ಒಳ್ಳೆ ಮದ್ದಲ್ವಾ... ಎರಡೆರಡು ತಿನ್ನು ಅಂದೆ. ಬೆಳಿಗ್ಗೆ ಬಸ್ಸಿಗೆ ಹೊಸ ಸ್ಟ್ರಿಪ್ ಕೊಟ್ಟು ಕಳಿಸಿದೆ. ಖಾಲಿ ಆದದ್ದು ಅದೇ ಬಸ್ಸಿನಲ್ಲಿ ವಾಪಸ್ ಬರ್ತದೆ."

ನಮ್ಮ ಕಡೆ ಪ್ರೈವೇಟ್ ಬಸ್ಸೆಂದರೆ ಜನ ಸಾಗಿಸಲು ಮಾತ್ರವಲ್ಲ. ಮಲ್ಲಿಗೆ ಚೆಂಡು, ಟೈಲರ್ ಕೊಟ್ಟ ರವಕೆ, ಮರೆತುಹೋದ ಛತ್ರಿ, ಮದ್ದು... ಕಂಡಕ್ಟರನ ಕೈಗೆ ಕೊಟ್ಟರೆ ಇಂಥ ಅಂಗಡಿಗೆ ಅಂತ ತಲುಪುತ್ತದೆ. ರಸೀದಿ ಇಲ್ಲ, ವಿಳಾಸ ಇಲ್ಲ, ತಪ್ಪುವುದೂ ಇಲ್ಲ.

"ಆ ಮಾತ್ರೆಯಿಂದಲೇ ಜ್ವರ ನಫೀಸಮ್ಮ, ಇನ್ನು ತಿಂದ್ರೆ ಸಾಯ್ತಾರೆ! ಕಂಡಕ್ಟರ್ ಯಾರು?"

"ನಮ್ಮ ರಮೀಝ್."

ಹಫ್ಸ ಆಗಲೇ ಫೋನ್ ಹಚ್ಚಿದ್ದಳು. ಬಸ್ಸಿನ ಗದ್ದಲದ ನಡುವೆ ರಮೀಝ್ ಕೂಗಿದ. "ಅಂಗಡಿಗೆ ಕೊಟ್ಟಾಯ್ತು ಅಕ್ಕ! ನಾವು ವಾಪಸ್ ಹೊರಟಾಯ್ತು!"

ಅಂಗಡಿಯ ಫೋನ್ ಎತ್ತುವವರಿರಲಿಲ್ಲ. ಶಶಿಪ್ರಭಾಳ ಮನೆಯಲ್ಲಿ ನೆಟ್‌ವರ್ಕೇ ಇಲ್ಲ.

ಅಷ್ಟರಲ್ಲಿ ಹೊರಗೆ ಬ್ರೇಕು ಹಾಕಿದ ಸದ್ದು. ಕಿಟಕಿಯಿಂದ ನೋಡಿದೆ. ಸೆಂಟರಿನ ಬಿಳಿ ಬೊಲೆರೋ! ಶೋಧನ್ ಇಳಿಯುತ್ತಿದ್ದ.

ಆಗ ತಿಳಿಯಿತು. ಜನರನ್ನು ಹುಡುಕುವುದರಲ್ಲಿ ನಾನು ಗಟ್ಟಿಗ ಎಂದು ರಂಜಿತ್‌ಗೆ ಗೊತ್ತು. ಆದ್ದರಿಂದಲೇ ಬಿಟ್ಟಿದ್ದ. ಹುಡುಕುವುದು ನಾನು, ಹಿಂದೆ ಬಂದು ಮಾತ್ರೆ, ಸ್ಟ್ರಿಪ್ ಎಲ್ಲ ಗುಡಿಸಿಕೊಂಡು ಹೋಗುವುದು ಅವನು. ಉಳಿಯುವುದು ಜ್ವರ ಬಂದ ಒಬ್ಬಳು ಹೆಂಗಸು.

"ಅಡುಗೆ ಮನೆಯಿಂದ ಹೋಗು," ಎಂದರು ನಫೀಸಮ್ಮ. ಎದ್ದು ಬಾಗಿಲಿಗೆ ಅಡ್ಡ ನಿಂತರು.

ಓಣಿಯಲ್ಲಿ ಬೈಕು ತಳ್ಳುತ್ತಾ ಅವರ ಮಾತು ಕೇಳಿದೆ.

"ನೀನು ಯಾರ ಮಗ? ಚಪ್ಪಲಿ ತೆಗೆದು ಜಗಲಿ ಹತ್ತಬೇಕು ಅಂತ ಅಮ್ಮ ಕಲಿಸ್ಲಿಲ್ವಾ?"

"ಮಾತ್ರೆ ಎಲ್ಲಿಗೆ ಕಳಿಸಿದ್ದು, ಹೇಳಿ!"

"ಬೊಬ್ಬೆ ಹಾಕ್ಬೇಡ, ಹೇಳ್ತೇನೆ. ಕಲ್ಲಡ್ಕಕ್ಕೆ. ಚಾ ಹೋಟೆಲಿನ ಹಿಂದಿನ ಮನೆ."

ಕಲ್ಲಡ್ಕ ಒಂದು ದಿಕ್ಕು. ನೆರಿಯ ಇನ್ನೊಂದು ದಿಕ್ಕು. ಆ ಹೆಂಗಸಿಗೆ ಬೆರಳು ಮಾತ್ರ ಮಡಚುತ್ತಿರಲಿಲ್ಲ.

ಬಂಟ್ವಾಳ ಪೇಟೆ ದಾಟಿ ಅನಿಷಾಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ.

"ಉಜಿರೆಯ ಆಸ್ಪತ್ರೆಗೆ ತನ್ನಿ. ನಾನು ಪುಡಿ ತರ್ತೇನೆ."

"ಎಂತ ಪುಡಿ?"

"ಈ ಮದ್ದು ಮೈಯಲ್ಲಿ ತಿಂಗಳುಗಟ್ಟಲೆ ನಿಲ್ತದೆ ರೈಗಳೇ. ತಿನ್ನುವುದು ನಿಲ್ಲಿಸಿದ್ರೆ ಸಾಲದು, ಹೊರಗೆ ಎಳೀಬೇಕು. ಅದಕ್ಕೊಂದು ಪುಡಿ ಉಂಟು. ಇಲ್ಲಿ ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದಾರೆ."

"ಕೀ?"

"ರಂಜಿತ್ ಸರ್ ಹತ್ತಿರ."

"ಮತ್ತೆ ಹೇಗೆ?"

"ಸುತ್ತಿಗೆ ನನ್ನ ಹತ್ತಿರ."

ಫೋನ್ ಇಟ್ಟಳು.

ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ... ಹೆದ್ದಾರಿ ಅಗಲ ಮಾಡುವ ಕೆಲಸ ನಡೆಯುತ್ತಿದ್ದ ಕಾಲ. ಅರ್ಧ ರಸ್ತೆ, ಅರ್ಧ ಕೆಂಪು ಧೂಳು. ಬೆಳ್ತಂಗಡಿ ದಾಟಿದೆ. ಉಜಿರೆ ದಾಟಿದೆ. ಕಣ್ಣಲ್ಲಿ ಮಣ್ಣು, ಬಾಯಲ್ಲಿ ಮಣ್ಣು.

ಮುಂಡಾಜೆಯ ಹತ್ತಿರ ಕನ್ನಡಿಯಲ್ಲಿ ಧೂಳಿನ ಮೋಡ. ಮೋಡದೊಳಗೆ ಬಿಳಿ ಬೊಲೆರೋ.

ಎಡಕ್ಕೆ ಎಳೆದೆ. ಅವನೂ ಎಡಕ್ಕೆ. ಬಲಕ್ಕೆ ಎಳೆದೆ...

ಧಡ್!

ಬೈಕು ಒಂದು ಕಡೆ. ನಾನು ಜಲ್ಲಿ ರಾಶಿಯ ಮೇಲೆ. ಆಕಾಶ ತುಂಬ ನೀಲಿಯಾಗಿತ್ತು.

ಶೋಧನ್ ಇಂಜಿನ್ ಆಫ್ ಮಾಡದೆ ಇಳಿದು ಬಂದ. ನನ್ನ ಎದೆಯ ಮೇಲೆ ಮಂಡಿ ಊರಿದ.

"ಕಲ್ಲಡ್ಕದಲ್ಲಿ ಚಾ ಒಳ್ಳೇದುಂಟು ಮಾರಾಯ," ಎಂದ. "ಮನೆ ಮಾತ್ರ ಇಲ್ಲ."

"ಮತ್ತೆ ಇಲ್ಲಿಗೆ ಹೇಗೆ ಬಂದೆ?"

"ರಿಕ್ಷಾ ಸ್ಟ್ಯಾಂಡಿನಲ್ಲಿ ಕೇಳಿದೆ. ಆ ಮುದುಕಿ ಯಾವ ಬಸ್ಸಿಗೆ ಕಟ್ಟು ಕೊಡ್ತದೆ ಅಂತ ಊರಿಗೇ ಗೊತ್ತು. ನೆರಿಯ. ಈಗ ಮನೆ ಯಾವುದು ಹೇಳು."

"ಅವಳು ಸಾಯ್ತಾಳೆ ಶೋಧನ್."

"ನನಗೆ ಹೇಳಿದ್ದು ಸ್ಟ್ರಿಪ್ ತರ್ಲಿಕ್ಕೆ. ಬೇರೆ ಎಂತ ಹೇಳ್ಲಿಲ್ಲ." ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಅದು ಅವನ ಕೆಲಸ. "ಯಾವ ಮನೆ?"

ಹೇಳಲಿಲ್ಲ.

ಅವನು ನನ್ನ ಬಲಗೈ ಹಿಡಿದ. ಕಿರುಬೆರಳನ್ನು ಹಿಂದಕ್ಕೆ ಮಡಚಿದ. ಇನ್ನೂ ಮಡಚಿದ.

ಟಕ್!

ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಅವನೂ ನನ್ನ ಮುಖ ನೋಡುತ್ತಿದ್ದ. ಕಿರುಚಾಟಕ್ಕೆ ಕಾಯುತ್ತಿದ್ದ.

"ಆಯ್ತಾ?" ಎಂದೆ.

ಅವನ ಕಣ್ಣಲ್ಲಿ ಗಲಿಬಿಲಿ. ಬೆಳಿಗ್ಗೆ ತಾನೇ ಕೊಂದ ಬೆರಳನ್ನು ಈಗ ಮುರಿದಿದ್ದ! ನಡುಬೆರಳು ಹಿಡಿದಿದ್ದರೆ ಶಶಿಪ್ರಭಾಳ ಹೆಸರು, ಊರಿನ ಪಿನ್ ಕೋಡ್ ಎಲ್ಲ ಹೇಳುತ್ತಿದ್ದೆನೋ ಏನೋ.

ಆ ಗಲಿಬಿಲಿ ಸಾಕಾಯಿತು. ಬಿದ್ದಾಗ ಕಳಚಿದ ಹೆಲ್ಮೆಟ್ ಎಡಗೈಗೆ ಸಿಕ್ಕಿತ್ತು. ಕಿವಿಯ ಮೇಲಕ್ಕೆ ಬೀಸಿದೆ. ಅವನು ಜಲ್ಲಿಯ ಮೇಲೆ ಮಗುಚಿಬಿದ್ದ. ರಸ್ತೆ ಕೆಲಸದವರು ಪಿಕಾಸಿ ಊರಿ ನಿಂತು ನೋಡುತ್ತಿದ್ದರು.

ನನ್ನ ಬೈಕಿನ ಮುಂದಿನ ಚಕ್ರ ಎಂಟರ ಆಕಾರಕ್ಕೆ ಬಂದಿತ್ತು. ಬೊಲೆರೋದ ಇಂಜಿನ್ ಓಡುತ್ತಲೇ ಇತ್ತು.

ಹತ್ತಿ ಕೂತೆ.

ನೆರಿಯದ ಅಂಗಡಿಯವನು ಕಾಡಂಚಿನ ಕಡೆ ಕೈ ತೋರಿಸಿದ. "ಕಟ್ಟು ತಗೊಂಡು ಹೋಗ್ಲಿಕ್ಕೆ ಶಶಿಯಕ್ಕ ಬರ್ಲೇ ಇಲ್ಲ. ಕೊನೆಗೆ ನಾನೇ ಹೋಗಿ ಕೊಟ್ಟು ಬಂದೆ. ಪಾಪ, ಜ್ವರ." ಒಳ್ಳೆಯ ಮನುಷ್ಯ. ಅವತ್ತು ಎಲ್ಲರೂ ಒಳ್ಳೆಯವರೇ... ಅದೇ ತೊಂದರೆ.

ಆನೆ ಬಾರದಂತೆ ಎಳೆದ ಸೋಲಾರ್ ಬೇಲಿಯ ಪಕ್ಕದಲ್ಲಿ ಹೊಸ ಕಾಂಕ್ರೀಟ್ ಮನೆ. ಬಾಗಿಲಿಗೆ ಚಿಲಕ ಹಾಕಿರಲಿಲ್ಲ.

ಅವಳು ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಕಣ್ಣು ಕೆಂಪು. ತುಟಿ ಒಡೆದಿತ್ತು. ಅಷ್ಟು ಜ್ವರದಲ್ಲೂ ತಲೆ ನೀಟಾಗಿ ಬಾಚಿ ಜಡೆ ಹಾಕಿಕೊಂಡಿದ್ದಳು. ಮಾತಾಡಲು ಬಾಯಿ ತೆರೆದಾಗ ಒಳಗೆಲ್ಲ ಬಿಳಿ ಹುಣ್ಣು.

"ಯಾರು?"

"ಅಣ್ಣು ರೈ. ನಫೀಸಮ್ಮ ಕಳಿಸಿದ್ದು. ಮಾತ್ರೆ ತಿಂದ್ರಾ ಶಶಿಯಕ್ಕ?"

"ಎರಡು."

ಸ್ಟ್ರಿಪ್ ಅವಳ ಮುಷ್ಟಿಯಲ್ಲಿತ್ತು.

"ಅದು ಕೊಡಿ. ಅದರಿಂದಲೇ ಜ್ವರ ಬಂದದ್ದು."

ಮುಷ್ಟಿ ಬಿಗಿಯಾಯಿತು. "ಕೊಡುವುದಿಲ್ಲ."

"ಇನ್ನು ತಿಂದ್ರೆ ಸಾಯ್ತೀರಿ."

"ಜ್ವರ ಬರ್ತದೆ, ಹೋಗ್ತದೆ. ಕೈ ಹೋದ್ರೆ ಬರ್ತದಾ?" ಅವಳು ಉಗುಳು ನುಂಗಲು ಒದ್ದಾಡಿದಳು. "ಜಡೆ ನಾನೇ ಹಾಕಿದ್ದು. ಎಷ್ಟೋ ವರ್ಷದ ಮೇಲೆ. ಸೆರಗಿಗೆ ಪಿನ್ನು ನಾನೇ ಚುಚ್ಚಿದ್ದು."

"ಸತ್ತ ಮೇಲೆ ಕೈ ಎಂತಕ್ಕೆ?"

"ಸಾಯುವಾಗ ನನ್ನ ನೀರು ನಾನೇ ಎತ್ತಿ ಕುಡೀಬಹುದಲ್ಲ."

ಬಹಳ ಜನರನ್ನು ಪ್ರಶ್ನೆ ಕೇಳಿದ್ದೇನೆ. ಕೊಲೆಗಾರರನ್ನು, ಮಂತ್ರಿಗಳನ್ನು. ಇಲ್ಲಿ ಪ್ರಶ್ನೆ ಬಿಟ್ಟು ಚಾಪೆಯ ಪಕ್ಕ ಕೂತೆ.

"ಸ್ಟ್ರಿಪ್ ನಿಮ್ಮ ಕೈಯಲ್ಲೇ ಇರಲಿ," ಎಂದೆ. "ಆಸ್ಪತ್ರೆಗೆ ಹೋಗುವ. ನೀವು ಸತ್ತರೆ ಕೊಂದದ್ದು ನಫೀಸಮ್ಮ ಅಂತ ಆಗ್ತದೆ. ಅವರಿಗೆ ಅದು ಗೊತ್ತಾಗಿದೆ."

ಅವಳು ಕಣ್ಣು ಮುಚ್ಚಿದಳು.

"ನಫೀಸ ಅಳ್ತಾ ಇದ್ದಾಳಾ?"

"ಇನ್ನೂ ಇಲ್ಲ."

"ಹೋಗುವ," ಎಂದಳು.

ಬೊಲೆರೋದ ಹಿಂದಿನ ಸೀಟಿನಲ್ಲಿ ಮಲಗಿಸಿದೆ. ಕಕ್ಕಿಂಜೆ ದಾಟುವಾಗ ಅರೆ ಎಚ್ಚರದಲ್ಲಿ ಕೇಳಿದಳು. "ರೈ ಅಂದ್ರೆ... ಎಲ್ಲಿಯ ರೈ?"

"ಸಾಯುವಾಗಲೂ ಸಂಬಂಧ ಹುಡುಕ್ತೀರಲ್ಲ ಶಶಿಯಕ್ಕ."

"ಗೊತ್ತಿಲ್ಲದವರ ಕಾರಿನಲ್ಲಿ ಹೇಗೆ ಹೋಗುವುದು?"

ಮುಂಡಾಜೆಯಲ್ಲಿ ಶೋಧನ್ ನನ್ನ ಬೈಕಿನ ಪಕ್ಕ ನಿಂತು ಎರಡೂ ಕೈ ಬೀಸಿದ. ನಾನೂ ಬೀಸಿದೆ. ಕಿರುಬೆರಳು ಬೇರೆಯೇ ದಿಕ್ಕಿಗೆ ಬೀಸಿತು.

ಉಜಿರೆಯ ಆಸ್ಪತ್ರೆಯ ತುರ್ತು ವಿಭಾಗದ ಬಾಗಿಲಲ್ಲೇ ಅನಿಷಾ ನಿಂತಿದ್ದಳು. ಎದೆಗೆ ಅವಚಿ ಹಿಡಿದ ಪೆಟ್ಟಿಗೆ. ಕೈಯ ಮೇಲೆ ಗಾಜು ಗೀರಿದ ಗಾಯ.

ಅವಳ ಹಿಂದೆ ರಂಜಿತ್! ಕಪಾಟು ಒಡೆದ ಸದ್ದಿಗೆ ಬೆನ್ನು ಹತ್ತಿ ಬಂದಿದ್ದ. ಇಸ್ತ್ರಿ ಆಗಲೂ ಕೆಟ್ಟಿರಲಿಲ್ಲ.

"ಡಾಕ್ಟ್ರೇ, ಆ ಪೆಟ್ಟಿಗೆ ನಮ್ಮ ಸೆಂಟರಿನಿಂದ ಕದ್ದದ್ದು," ಎಂದ ಡ್ಯೂಟಿ ಡಾಕ್ಟರಿಗೆ. "ಈ ಗಾಡಿಯೂ ಕದ್ದದ್ದೇ. ಈ ಹೆಂಗಸು ಯಾರು ಅಂತ ನಮಗೆ ಗೊತ್ತಿಲ್ಲ. ನಮ್ಮ ಟ್ರಯಲ್‌ನಲ್ಲಿ ಇಲ್ಲ. ಜ್ವರ ಅಷ್ಟೆ. ಡೆಂಗ್ಯೂ ಇರಬಹುದು."

ಡಾಕ್ಟರ್ ತೃಪ್ತಿ ಎಂಬ ಹುಡುಗಿ. ಕಣ್ಣಲ್ಲಿ ನಿದ್ದೆ, ಕೈಯಲ್ಲಿ ಟಾರ್ಚು. ಶಶಿಪ್ರಭಾಳ ಬಾಯಿ ನೋಡಿದವಳು ಸೆಟೆದು ನಿಂತಳು.

"ಇದು ಡೆಂಗ್ಯೂ ಅಲ್ಲ. ಇವರು ಎಂತ ಮದ್ದು ತಿಂತಾ ಇದ್ದದ್ದು?"

ಶಶಿಪ್ರಭಾಳ ಮುಷ್ಟಿಯಲ್ಲಿ ಮಿಂಚುತ್ತಿದ್ದ ಸ್ಟ್ರಿಪ್ಪಿನ ಅಂಚು ರಂಜಿತ್‌ನ ಕಣ್ಣಿಗೆ ಬಿದ್ದಿತ್ತು.

ಒಂದೇ ನೆಗೆತಕ್ಕೆ ಸ್ಟ್ರೆಚರ್ ಹತ್ತಿರ ಹೋಗಿ ಅವಳ ಬೆರಳು ಬಿಡಿಸತೊಡಗಿದ!

ಬಿಡಿಸಲಾಗಲಿಲ್ಲ.

ಎರಡೂ ಕೈ ಹಾಕಿದ. ಪ್ರಜ್ಞೆ ಅರ್ಧ ಹೋದ ಹೆಂಗಸು. ಕೆಲವು ತಿಂಗಳ ಹಿಂದೆ ಬಾಚಣಿಗೆ ಹಿಡಿಯಲಾಗದ ಬೆರಳುಗಳು. ಒಂದೂ ಅಲ್ಲಾಡಲಿಲ್ಲ.

ಒಪ್ಪಬೇಕು... ಅದು ನಿಜವಾಗಿಯೂ ಒಳ್ಳೆಯ ಮಾತ್ರೆ.

ಇಡೀ ವಿಭಾಗ ನೋಡುತ್ತಿತ್ತು. ನರ್ಸುಗಳು, ಕಾಲು ಮುರಿದವನೊಬ್ಬ, ಮಗು ಎತ್ತಿಕೊಂಡ ತಾಯಿ. ಹೆಂಗಸು ಯಾರೆಂದೇ ಗೊತ್ತಿಲ್ಲ ಎಂದವನು ಅವಳ ಮುಷ್ಟಿಯೊಂದಿಗೆ ಗುದ್ದಾಡುತ್ತಿದ್ದ.

"ಸೆಕ್ಯುರಿಟಿ!" ತೃಪ್ತಿ ಕೂಗಿದಳು.

ಅನಿಷಾ ಮುಂದೆ ಬಂದಳು. "ಡಾಕ್ಟ್ರೇ, ಅದು ನಮ್ಮ ಟ್ರಯಲ್‌ನ ಮಾತ್ರೆ. ಬಿಳಿ ಕಣ ಇಳಿಸ್ತದೆ. ಈ ಪುಡಿ ಅದನ್ನು ಹೊರಗೆ ತೆಗೀಲಿಕ್ಕೆ. ಬರೆದು ಸಹಿ ಹಾಕಿ ಕೊಡ್ತೇನೆ."

"ನಾಳೆಯಿಂದ ನಿನಗೆ ಕೆಲಸ ಇಲ್ಲ!" ಸೆಕ್ಯುರಿಟಿಯವರ ಕೈಯಲ್ಲಿ ಒದ್ದಾಡುತ್ತಾ ರಂಜಿತ್ ಕಿರುಚಿದ. ಮೊದಲ ಸಲ ಅವನ ಧ್ವನಿ ಏರಿತ್ತು.

"ಇವತ್ತು ಉಂಟಲ್ಲ," ಎಂದಳು ಅನಿಷಾ. ಪೆನ್ನು ಕೇಳಿ ತೆಗೆದುಕೊಂಡಳು.

ರಕ್ತದ ರಿಪೋರ್ಟ್ ಬಂತು. ಸೋಂಕಿನ ವಿರುದ್ಧ ಹೋರಾಡಬೇಕಾದ ಬಿಳಿ ಕಣಗಳು ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ರಾತ್ರಿ ದಾಟುತ್ತಿರಲಿಲ್ಲ ಎಂದಳು ತೃಪ್ತಿ. ಆಂಟಿಬಯೋಟಿಕ್ ಏರಿಸಿದರು. ಕಣ ಹೆಚ್ಚಿಸುವ ಇಂಜೆಕ್ಷನ್ ಕೊಟ್ಟರು. ಪುಡಿಯನ್ನು ನೀರಿಗೆ ಕದಡಿ ನಳಿಗೆಯಲ್ಲಿ ಹೊಟ್ಟೆಗೆ ಬಿಟ್ಟರು.

ನಾನು ಹೊರಗಿನ ಬೆಂಚಿನಲ್ಲಿ ಕೂತೆ. ಸಂತೋಷ ಆಗಬೇಕಿತ್ತು. ಕಾದೆ. ಬರಲಿಲ್ಲ. ಚಾ ತರಿಸಿ ಕುಡಿದೆ.

ಆಮೇಲಿನದ್ದು ಪತ್ರಿಕೆಯಲ್ಲಿ ಬಂದದ್ದೇ. ಟ್ರಯಲ್ ನಿಂತಿತು. ಸೆಂಟರಿಗೆ ಬೀಗ ಬಿತ್ತು. ರಂಜಿತ್ ಜಾಮೀನಿನ ಮೇಲೆ ಹೊರಗಿದ್ದಾನೆ. ಆದರೆ ಈ ಇಡೀ ಪ್ರಕರಣದಲ್ಲಿ ಮೊಟ್ಟಮೊದಲು ದಾಖಲಾದ ಎಫ್‌ಐಆರ್ ಯಾವುದು ಗೊತ್ತೇ? ಬೊಲೆರೋ ಕಳವು. ಆರೋಪಿ, ಅಣ್ಣು ರೈ! ಎರಡನೆಯದು ಕಪಾಟು ಒಡೆದದ್ದು. ಆರೋಪಿ, ಅನಿಷಾ. ಪೊಲೀಸರಿಗೆ ಗಾಡಿ ಅರ್ಥವಾಗುತ್ತದೆ, ಕಪಾಟು ಅರ್ಥವಾಗುತ್ತದೆ. ಬಿಳಿ ರಕ್ತಕಣ ಅರ್ಥವಾಗಲು ಸಮಯ ಬೇಕು.

ನನ್ನ ಕಿರುಬೆರಳ ತುದಿಯನ್ನು ಡಾಕ್ಟರರು ಕತ್ತರಿಸಿ ತೆಗೆದರು.

ಶಶಿಪ್ರಭಾ ಬದುಕಿದಳು.

ಡಿಸ್ಚಾರ್ಜ್ ದಿನ ನೋಡಲು ಹೋಗಿದ್ದೆ. ನಫೀಸಮ್ಮ ಮೊದಲೇ ಬಂದು ಕೂತಿದ್ದರು. ಮದ್ದು ಮೈಯಿಂದ ಪೂರ್ತಿ ಹೋಗಿತ್ತು. ಶಶಿಪ್ರಭಾಳ ಬೆರಳುಗಳು ಮತ್ತೆ ಬಾತು ಕೊಕ್ಕೆಯಾಗಿದ್ದವು. ಹಫ್ಸ ಇಬ್ಬರಿಗೂ ಸರದಿಯಂತೆ ಗಂಜಿ ತಿನ್ನಿಸುತ್ತಿದ್ದಳು. ಒಬ್ಬರಿಗೊಂದು ಚಮಚ, ಇನ್ನೊಬ್ಬರಿಗೊಂದು ಚಮಚ.

ಶಶಿಪ್ರಭಾ ನನ್ನನ್ನು ಹತ್ತಿರ ಕರೆದಳು. ನರ್ಸು ಆಚೆ ಹೋಗುವ ತನಕ ಕಾದಳು.

"ರೈಗಳೇ," ಎಂದಳು ಮೆಲ್ಲಗೆ. "ಆ ಮಾತ್ರೆ ಇನ್ನೂ ಎಲ್ಲಿಯಾದ್ರೂ ಸಿಗ್ತದಾ?"

ಇಲ್ಲ ಎಂದೆ.

ಉಳಿದ ಮಾತ್ರೆಗಳೆಲ್ಲ ಪೊಲೀಸ್ ಠಾಣೆಯಲ್ಲಿ ಸೀಲ್ ಆಗಿ ಬಿದ್ದಿವೆ ಎಂದು ಹೇಳಲಿಲ್ಲ. ಹೇಳಿದ್ದರೆ ನಫೀಸಮ್ಮ ಅಲ್ಲಿಂದಲೂ ಬಸ್ಸಿಗೆ ಹಾಕಿಸುತ್ತಿದ್ದರು!